ಹುಲಿಗೆಮ್ಮ ಹಿಡಿದ ಕ್ಯಾಮೆರಾ

ತುಂಗಭದ್ರೆಯ ದಂಡೆಯಲ್ಲಿ ಒಬ್ಬ ಗುರು ಇದ್ದರು. ಸಾಕ್ಷ್ಯಚಿತ್ರ ಮಾಡುವುದನ್ನು ಕಲಿಸುತ್ತಿದ್ದರು. ಹೆಚ್ಚು ಮಾತಾಡುತ್ತಿರಲಿಲ್ಲ.

ಶಿಷ್ಯ ಚಿದಂಬರ ತನ್ನ ಮೊದಲ ಚಿತ್ರವನ್ನು ಮುಗಿಸಿ ತಂದ. ಹರಿಗೋಲು ನಡೆಸುವ ಹುಲಿಗೆಮ್ಮನ ಕಥೆ. ಹೋದ ವರ್ಷ ಆಕೆಯ ಮಗ ಇದೇ ಹೊಳೆಯ ಪಾಲಾಗಿದ್ದ. ಚಿತ್ರದ ಕೊನೆಗೆ ಆಕೆ ಬಂಡೆಯ ಮೇಲೆ ಒಬ್ಬಳೇ ಕೂತು ಅಳುತ್ತಾಳೆ.

ಗುರು ಪೂರ್ತಿ ನೋಡಿದರು.

"ಕ್ಯಾಮೆರಾ ಹಿಡಿದವರು ಯಾರು?"

"ನಾನೇ. ಪ್ರಯೋಗಕ್ಕೆಂದು ಒಂದು ದಿನ ಆಕೆಯ ಕೈಗೂ ಕೊಟ್ಟಿದ್ದೆ. ಉಪಯೋಗಕ್ಕೆ ಬರಲಿಲ್ಲ."

"ಏನು ತೆಗೆದಳು?"

"ನನ್ನನ್ನು." ಚಿದಂಬರ ತಲೆ ತಗ್ಗಿಸಿದ. "ನಡುಹೊಳೆಯಲ್ಲಿ ಹುಟ್ಟು ಕೆಳಗಿಟ್ಟು ಕ್ಯಾಮೆರಾ ಹಿಡಿದಳು. ಹರಿಗೋಲು ಗಿರಗಿರ ತಿರುಗಿತು. ನಾನು ಅದರ ಅಂಚು ತಬ್ಬಿಕೊಂಡು 'ಯವ್ವಾ' ಅಂತ ಕೂಗಿದೆ. ಅದನ್ನು ಕತ್ತರಿಸಿಬಿಟ್ಟೆ."

"ಆಕೆ ಅಳುವುದನ್ನು ನೀನು ಉಳಿಸಿಕೊಂಡೆ," ಎಂದರು ಗುರು.

"ಆಕೆ ಒಪ್ಪಿದ್ದಾಳೆ, ಗುರುಗಳೇ. ಏನು ಬೇಕಾದರೂ ತೆಗಿಯಪ್ಪಾ ಅಂದಿದ್ದಳು."

"ಅತ್ತ ಮೇಲೆ ಅಂದಳೋ, ಅಳುವ ಮೊದಲೋ?"

"ಮೊದಲು," ಎಂದ ಚಿದಂಬರ.

ಆ ಗುರುವಿನಲ್ಲಿ ಒಂದು ಪದ್ಧತಿಯಿತ್ತು. ಚಿತ್ರವನ್ನು ಲೋಕಕ್ಕೆ ತೋರಿಸುವ ಮುಂಚೆ ಅದರಲ್ಲಿ ಇರುವವರಿಗೆ ತೋರಿಸಬೇಕು. ತೋರಿಸುವಾಗ ಶಿಷ್ಯ ಪರದೆಗೆ ಬೆನ್ನು ಹಾಕಿ, ಅವರ ಮುಖ ನೋಡುತ್ತ ಕೂರಬೇಕು.

"ನಾಡಿದ್ದು ನಗರದ ಚಿತ್ರೋತ್ಸವಕ್ಕೆ ಕಳಿಸಬೇಕು," ಎಂದ ಚಿದಂಬರ.

"ನಾಳೆ ಇದೆಯಲ್ಲ," ಎಂದರು ಗುರು.

ಮರುದಿನ ಹುಲಿಗೆಮ್ಮನ ಮನೆಯಲ್ಲಿ ಚಿದಂಬರ ಆಕೆಗೆ ಎದುರಾಗಿ ಕೂತ. ಮೊದಮೊದಲು ಆಕೆ ಖುಷಿಯಿಂದಲೇ ನೋಡಿದಳು.

"ಎಷ್ಟ್ ಕರ್ರಗ ಕಾಣ್ತೀನಲ್ಲೋ," ಅಂದಳು.

ಆಮೇಲೆ ಅವನ ಬೆನ್ನ ಹಿಂದೆ ಅಳು ಕೇಳಿಸಿತು. ಎದುರಿಗಿದ್ದ ಹುಲಿಗೆಮ್ಮ ಅಳಲಿಲ್ಲ. ಗಾಬರಿಯಿಂದ ಬಾಗಿಲ ಕಡೆ ನೋಡಿದಳು. ಹೊರಗೆ ಸೊಸೆ, ಸತ್ತ ಮಗನ ಹೆಂಡತಿ, ಪಾತ್ರೆ ತಿಕ್ಕುತ್ತಿದ್ದಳು.

"ಸಪ್ಪಳ ಕಡಿಮಿ ಮಾಡಪ್ಪಾ. ಆಕಿ ಮುಂದ ನಾ ಒಂದಿನಾನೂ ಅತ್ತಿಲ್ಲ. ನಾನ ಕುಸದರ ಆಕಿ ಹೆಂಗ ನಿಂತಾಳು?"

ಚಿದಂಬರ ಚಿತ್ರ ನಿಲ್ಲಿಸಿದ.

"ನಾ ತೆಗದಿದ್ನಲ್ಲ, ಅದೆಲ್ಲೈತಿ?"

"ಅದು ಅಲುಗಾಡಿತ್ತವ್ವಾ."

"ಹರಿಗೋಲು ಅಲುಗಾಡ್ದ ಇರತೈತೇನು?" ಆಕೆ ದನಿ ತಗ್ಗಿಸಿದಳು. "ನೀ ಯವ್ವಾ ಅಂತ ಕೂಗಿದ್ದನ್ನ ಆಕಿಗೆ ಹೇಳಿದೆ. ತುಟಿ ಒಂಚೂರು ಬಿರೀತು. ಅಷ್ಟ ಸಾಕಾತು ನನಗ. ಗಂಡ ಹ್ವಾದಾಗಿಂದ ಆಕಿ ನಕ್ಕಿಲ್ಲಪ್ಪಾ."

ಸಂಜೆ ಚಿದಂಬರ ಬಂದು ಗುರುವಿನ ಮುಂದೆ ಕೂತ. ನಡೆದದ್ದನ್ನೆಲ್ಲ ಹೇಳಿದ.

"ಅಳುವುದನ್ನು ತೆಗೆದುಹಾಕುತ್ತೇನೆ," ಎಂದ. "ಆದರೆ ಅದಿಲ್ಲದೆ ಚಿತ್ರ ನಿಲ್ಲುವುದಿಲ್ಲ."

"ಆಕೆ ತೆಗೆದದ್ದು ಇದೆಯಲ್ಲ."

"ಅದನ್ನು ಹಾಕಿದರೆ ಉತ್ಸವದಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ, ಗುರುಗಳೇ."

"ಅವರು ಆಮೇಲೆ ನಗಲಿ. ಮೊದಲು ಆ ಸೊಸೆ ನಗಲಿ."