ಶಂಖದ ಬಾಯಿಯ ಕೆಂಪು

ಹೊಳೆದಂಡೆಯ ಮಠದಲ್ಲಿ ಬೆಳಗು ಸಂಜೆ ಶಂಖ ಊದುವ ಕೆಲಸ ಮರುಳಯ್ಯನದು. ಬೇರೆ ಯಾವ ವಿದ್ಯೆಯೂ ಅವನ ತಲೆಗೆ ಹತ್ತಲಿಲ್ಲ. ಶಂಖ ಊದಿದರೆ ಮಾತ್ರ ಆಚೆ ದಡದ ದನಗಳೂ ತಲೆಯೆತ್ತುತ್ತಿದ್ದವು.

ಒಂದು ಬೆಳಗ್ಗೆ ಊದಿ ಇಳಿಸಿದಾಗ ಶಂಖದ ಬಾಯಿ ಕೆಂಪಾಗಿತ್ತು. ತೊಳೆದಿಟ್ಟ. ಮರುದಿನವೂ ಕೆಂಪು. ತಿಂಗಳಾಗುವಷ್ಟರಲ್ಲಿ ಅವನಿಗೆ ಅದನ್ನು ಮುಟ್ಟಲೂ ಭಯವಾಗತೊಡಗಿತು.

ಅಡುಗೆಮನೆಯ ಬಾಯಿಗಳು ಸುಮ್ಮನಿರುತ್ತವೆಯೇ? ಹಿಂದೆ ಅದೇ ಶಂಖ ಊದುತ್ತಿದ್ದ ಕರಿಸಿದ್ದ ಸತ್ತಿದ್ದಾನಲ್ಲ, ಅವನೇ ರಕ್ತ ಕುಡಿಯುತ್ತಿದ್ದಾನೆ ಎಂದರು.

ಮರುಳಯ್ಯ ಗುರುಗಳ ಮುಂದೆ ನಿಂತ.

"ಇದು ರಕ್ತ ಕೇಳ್ತದೆ ಬುದ್ಧಿ. ಬೇರೆ ಶಂಖ ಕೊಡಿ."

ಗುರುಗಳು ಶಂಖವನ್ನು ನೋಡಲಿಲ್ಲ. ಅವನ ತುಟಿ ಎತ್ತಿ ನೋಡಿದರು. ವಸಡು ಊದಿ ಕಪ್ಪುಗೆಂಪಾಗಿತ್ತು. ಬೇವಿನಕಡ್ಡಿ ಬಿಟ್ಟು ಎಷ್ಟು ದಿನವಾಯಿತೆಂದು ಕೇಳಿದರು.

ಉಜ್ಜಿದರೆ ರಕ್ತ ಬರುತ್ತದೆ, ಗಾಯ ಕೆಣಕಬಾರದೆಂದು ತಿಂಗಳಿಂದ ಬರೀ ಬಾಯಿ ಮುಕ್ಕಳಿಸುತ್ತಿದ್ದೇನೆ ಎಂದ. ನೋವಂತೂ ಇಲ್ಲ ಎಂದೂ ಸೇರಿಸಿದ.

"ಬಾ," ಎಂದರು ಗುರುಗಳು.

ಶಂಖವನ್ನು ಕಂಕುಳಲ್ಲಿಟ್ಟುಕೊಂಡು ಅವನು ಹಿಂಬಾಲಿಸಿದ. ಸಮಾಧಿಗಳಿದ್ದ ದಡವದು. ಹೊಳೆ ಮಣ್ಣು ಕೊರೆದು ಒಂದು ಗುಂಡಿಯನ್ನು ತೆರೆದಿತ್ತು. ನಡುಮಧ್ಯಾಹ್ನ, ಒಂದು ಹಕ್ಕಿಯೂ ಕೂಗಲಿಲ್ಲ.

ಗುರುಗಳು ದವಡೆಯೊಂದನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು. ಅದರಲ್ಲಿ ಒಂದೂ ಹಲ್ಲಿರಲಿಲ್ಲ. ಹಲ್ಲಿದ್ದ ಕುಳಿಗಳೂ ಮುಚ್ಚಿ ಎಲುಬು ನುಣ್ಣಗಾಗಿತ್ತು.

"ಯಾರೋ ಮುದುಕರದಾ ಬುದ್ಧಿ?"

"ಕರಿಸಿದ್ದನದು. ಸತ್ತಾಗ ಮೂವತ್ತೈದು. ಹಲ್ಲು ಅದಕ್ಕೂ ಮೊದಲೇ ವಸಡು ಕೊಳೆತು ಉದುರಿದ್ವು, ಒಂದಕ್ಕೂ ಹುಳುಕಿರಲಿಲ್ಲ. ಆಮೇಲೂ ಎರಡು ವರ್ಷ ದಿನಾ ಶಂಖ ಎತ್ತಿ ತುಟಿಗಿಟ್ಟ. ಬರೀ ಗಾಳಿ ಬಂತು."

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಕಂಕುಳಲ್ಲಿದ್ದ ಶಂಖ ತಾನಾಗಿ ಸಣ್ಣಗೆ ಹೂಂಗುಟ್ಟಿತು. ಮರುಳಯ್ಯ ಅದನ್ನು ಕಂಕುಳಿಗೆ ಇನ್ನಷ್ಟು ಒತ್ತಿ ಹಿಡಿದ.

ಗುರುಗಳು ಬೇವಿನಕಡ್ಡಿ ಮುರಿದುಕೊಟ್ಟರು. ರಕ್ತ ಬರುವಲ್ಲೇ ಉಜ್ಜಬೇಕು, ಮೆಲ್ಲಗೆ ಉಜ್ಜಬೇಕು. ನಾಳೆಯೇ ಪೇಟೆಯ ಹಲ್ಲಿನ ವೈದ್ಯರಲ್ಲಿಗೆ ಹೋಗಿ ವಸಡಿನಡಿ ಹಲ್ಲಿಗೆ ಗಾರೆಯಂತೆ ಕಟ್ಟಿದ ಕೊಳೆ ಕೆರೆಸಿಕೊಳ್ಳಬೇಕು ಎಂದರು.

"ಎಷ್ಟು ದಿನ ಉಜ್ಜಲಿ ಬುದ್ಧಿ?"

"ಹಲ್ಲು ಬೇಕು ಅನ್ನಿಸೋವಷ್ಟು ದಿನ."

ಮರುಳಯ್ಯ ಕಡ್ಡಿ ಜಗಿದು ಉಜ್ಜಿದ. ಉಗುಳಿದ್ದು ಕೆಂಪಾಗಿತ್ತು. ಆದರೂ ಮನಸ್ಸು ತಡೆಯದೆ, ವಾಸಿಯಾಗುವವರೆಗಾದರೂ ಬೇರೆ ಶಂಖ ಕೊಡಬಾರದೇ ಎಂದು ಮತ್ತೆ ಕೇಳಿದ.

ಗುರುಗಳು ದವಡೆಯನ್ನು ಮಣ್ಣಿಗೆ ಮರಳಿಸಿದರು.

"ಕರಿಸಿದ್ದನೂ ಹೀಗೇ ಕೇಳಿದ್ದ. ಪಾಪ ಅಂತ ಬೇರೆ ಕೊಟ್ಟೆ. ನಿನ್ನ ಕಂಕುಳಲ್ಲಿರೋದು ಅದೇ."