ಮದ್ದು ಕೊಟ್ಟವರು, ಮದ್ದು ಹಾಕಿದವರು

"ಕೇಳ್ರಪ್ಪೋ ಕೇಳಿ! ಮಹಾರಾಣಿ ಚಂಪಲಾದೇವಿಯವರ ಅಪ್ಪಣೆ! ಅಫೀಮಿನ ಪೆಟ್ಟಿಗೆಯ ಬೀಗದಕೈ ಬೇಕೆನ್ನುವವರು ಅರಮನೆಗೆ ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಬೀಗದಕೈ, ಅದರ ಮೇಲೆ ಕೇಳಿದ ಬಹುಮಾನ. ತಪ್ಪಿದವರ ತಲೆ ನಾಳೆ ಬೆಳಿಗ್ಗೆ ಕೋಟೆಬಾಗಿಲಲ್ಲಿ!"

ಡಂಗುರದವನು ಕೂಗಿಕೊಂಡು ಹೋದ. ನಡೆದದ್ದು ಇಷ್ಟು. ರಾಣಿಯ ಒಬ್ಬನೇ ತಮ್ಮ ಕುದುರೆಯಿಂದ ಬಿದ್ದು, ನೋವಿಗೆಂದು ವೈದ್ಯರು ಕೊಟ್ಟ ಒಂದು ಅಫೀಮಿನ ಗುಳಿಗೆ ನುಂಗಿ ಮಲಗಿದವನು ಏಳಲೇ ಇಲ್ಲ. ಅಕ್ಕನ ಹೊಟ್ಟೆ ಉರಿಯಿತು, ಉರಿಯದೆ ಇರುತ್ತದೆಯೇ? ಆ ಉರಿಯಲ್ಲೇ ಅವಳು ಪೆಟ್ಟಿಗೆಗೆ ಬೀಗ ಜಡಿದು, ರಾಜ್ಯದಲ್ಲಿ ಇನ್ನು ಯಾರಿಗೂ ಅಫೀಮಿಲ್ಲ ಅಂದುಬಿಟ್ಟಳು. ಇದ್ಯಾವ ನ್ಯಾಯ ಸ್ವಾಮಿ? ಹತ್ತು ದಿನದಲ್ಲಿ ಊರೂರಿನ ನರಳಾಟ ಅರಮನೆಯ ಗೋಡೆ ದಾಟಿ ಒಳಗೆ ಬಂತು. ಆಗ ಹುಟ್ಟಿದ್ದು ಈ ಒಗಟು.

ರಾಜವೈದ್ಯ ತ್ರಿಯಂಬಕ ಪಂಡಿತರ ಮನೆಯಲ್ಲಿ ಕೆಂಚಿ ಅಂತ ಒಬ್ಬಳು ಮದ್ದು ಅರೆಯುತ್ತಿದ್ದಳು. ಅರೆದು, ಪೊಟ್ಟಣ ಕಟ್ಟಿ, ಮನೆಮನೆಗೆ ಮುಟ್ಟಿಸುವುದು ಅವಳ ಕೆಲಸ. ಅವಳಪ್ಪ ಭರಮಣ್ಣ ಕಲ್ಲುಕುಟಿಗ. ಬಂಡೆ ಉರುಳಿ ಬೆನ್ನು ಜಜ್ಜಿಹೋಗಿ ಮೂರು ವರ್ಷ ಆಗಿತ್ತು, ಅಫೀಮಿನ ಮೇಲೆಯೇ ಬದುಕಿದ್ದ. ಬೀಗ ಬಿದ್ದ ದಿನದಿಂದ ಬೆವರು, ನಡುಕ, ವಾಂತಿ. "ನನ್ನ ಬಾವಿಗಾದ್ರೂ ನೂಕಿಬಿಡೇ ಮಗಾ" ಅಂದ. ಕೆಂಚಿ ಕೈ ತೊಳೆದುಕೊಂಡು ಎದ್ದಳು. ಹೋದರೆ ತಲೆ ಹೋಗಲಿ ಅಂತ ನೆಟ್ಟಗೆ ಅರಮನೆಗೆ ನಡೆದಳು.

ಸಭೆಯಲ್ಲಿ ತ್ರಿಯಂಬಕ ಪಂಡಿತರೂ ಸೇರಿ ಮೂವರು ವೈದ್ಯರು ಒಗಟು ಬಿಡಿಸಲು ಶಾಲು ಹೊದ್ದು ನಿಂತಿದ್ದರು. ಇವಳ ಕೈಯ ಮದ್ದಿನ ಕಲೆ ನೋಡಿ ಅವರಿಗೆ ನಗು.

ರಾಣಿ ಮೊದಲನೆಯದನ್ನು ಕೇಳಿದಳು. "ಒಂದೇ ತೂಕದ ಎರಡು ಗುಳಿಗೆ. ಒಂದನ್ನು ನುಂಗಿದ ಮುದುಕ ಎದ್ದು ನಡೆದ. ಇನ್ನೊಂದನ್ನು ನುಂಗಿದ ಹರೆಯದವನು ಮಲಗಿದಲ್ಲೇ ಹೋದ. ತಕ್ಕಡಿ ಸುಳ್ಳು ಹೇಳಿಲ್ಲ. ತಪ್ಪಿದ್ದೆಲ್ಲಿ?"

"ಹರೆಯದವನ ಗ್ರಹಗತಿಯಲ್ಲಿ" ಅಂದರು ಹಿರಿಯ ವೈದ್ಯರು. ಭಟರು ಅವರ ಕೈಗೆ ಬೇಡಿ ಹಾಕಿದರು. ನಗು ನಿಂತಿತು.

ಕೆಂಚಿ ಉತ್ತರ ಹೇಳಲಿಲ್ಲ, ತಿರುಗಿ ಕೇಳಿದಳು. "ತಾಯೀ, ಮುದುಕನಿಗೆ ಅದು ರೂಢಿ ಇತ್ತಾ? ಹರೆಯದೋರು ಅವತ್ತು ಹೆಂಡ ಕುಡಿದಿದ್ರಾ?"

ರಾಣಿಯ ಮುಖ ಬಿಳಿಚಿಕೊಂಡಿತು. "ಮುದುಕನಿಗೆ ರೂಢಿ. ನನ್ನ ತಮ್ಮ... ಮದುವೆಮನೆಯಲ್ಲಿ ಕುಡಿದೇ ಬಂದಿದ್ದ. ಯಾರೂ ಕೇಳಲಿಲ್ಲ."

"ತಪ್ಪಿದ್ದು ಅಲ್ಲೇ. ವೈದ್ಯರ ಬಾಯಲ್ಲಿ. ಹೆಂಡದ ಮೇಲೆ ಅಫೀಮು ಬಿದ್ರೆ ಉಸಿರು ಮರೆತುಹೋಗ್ತದೆ."

"ಹಾಗಾದರೆ ನನ್ನ ತಮ್ಮನಿಗೆ ಮದ್ದು ಹಾಕಿ ಕೊಂದರು ಅನ್ನು!"

ಮದ್ದು ಹಾಕುವುದು ಅಂದರೆ ವಿಷ ಇಕ್ಕುವುದು, ಗೊತ್ತಲ್ಲ. ಸಭೆ ನಡುಗಿತು. ಕೆಂಚಿ ನಡುಗಲಿಲ್ಲ. "ಬೇಕಂತ ಹಾಕಲಿಲ್ಲ ತಾಯೀ. ಆದ್ರೆ ಕೇಳಿ ಕೊಟ್ರೆ ಮದ್ದು ಕೊಟ್ಟಂಗೆ, ಕೇಳದೆ ಕೊಟ್ರೆ ಮದ್ದು ಹಾಕಿದಂಗೆ. ಪದಾರ್ಥ ಒಂದೇ."

ರಾಣಿ ಎರಡನೆಯದಕ್ಕೆ ಬಂದಳು. "ಬಂದ ದಿನ ನೆಂಟ, ವರ್ಷ ಕಳೆದರೆ ಯಜಮಾನ. ಇವನನ್ನು ಮನೆಯಿಂದ ಕಳಿಸುವುದು ಹೇಗೆ?"

"ಕತ್ತು ಹಿಡಿದು ಒಂದೇ ಸಲ ಹೊರಗೆ ದಬ್ಬಬೇಕು" ಅಂದರು ಎರಡನೆಯ ವೈದ್ಯರು, ರಾಣಿ ಮಾಡಿದ್ದೂ ಅದೇ ತಾನೆ ಅಂತ.

"ಸುಳ್ಳು!" ಕೆಂಚಿ ಚೀರಿದಳು. "ಆ ನೆಂಟ ಅಫೀಮು. ದಬ್ಬಿದ್ರೆ ಮನೆ ಬೀಳ್ತದೆ. ಕಳಿಸಲೇಬೇಕು ಅಂದ್ರೆ ಈ ತಿಂಗಳು ಪಡಸಾಲೆಗೆ, ಮುಂದಿನ ತಿಂಗಳು ಜಗಲಿಗೆ, ಆಮೇಲೆ ಅಂಗಳಕ್ಕೆ. ಗುಲಗಂಜಿಯಷ್ಟು ತಗೊಳ್ಳೋನಿಗೆ ಸಾಸಿವೆ ಸಾಸಿವೆಯಷ್ಟೇ ಇಳಿಸ್ಬೇಕು. ನೀವು ಒಂದೇ ದಿನಕ್ಕೆ ದಬ್ಬಿದಿರಿ ತಾಯೀ. ನಮ್ಮಪ್ಪ ಬಾವಿ ಕೇಳ್ತಾ ಇದ್ದಾನೆ. ನಿಮ್ಮ ತಮ್ಮನಿಗೆ ನೀವು ಅತ್ತಿರಿ, ನಮ್ಮಪ್ಪನಿಗೆ ನಾನು ಅಳಬಾರ್ದಾ?"

ಭಟನ ಕೈ ಕತ್ತಿಗೆ ಹೋಯಿತು. ರಾಣಿ ಬೇಡವೆಂದು ಕೈಯೆತ್ತಿದಳು. ಎರಡನೆಯ ವೈದ್ಯರಿಗೂ ಬೇಡಿ ಬಿತ್ತು.

"ಕೊನೆಯದು," ಅಂದಳು ರಾಣಿ, ದನಿ ತಗ್ಗಿಸಿ. "ತೆರೆದರೆ ಸಾವು, ಮುಚ್ಚಿದರೆ ಗೋಳು. ಕಬ್ಬಿಣದ್ದಲ್ಲ, ಹಿತ್ತಾಳೆಯದ್ದಲ್ಲ, ಆ ಪೆಟ್ಟಿಗೆಗೆ ತಕ್ಕ ಬೀಗ ಯಾವುದು?"

ತ್ರಿಯಂಬಕ ಪಂಡಿತರು ಮುಂದೆ ಬಂದರು. "ತಮ್ಮ ರಾಜಾಜ್ಞೆ, ಮಹಾರಾಣಿ."

"ಆ ಬೀಗ ಹಾಕಿ ನೋಡಿಯಾಯಿತು. ತಪ್ಪು."

ಬೇಡಿ ಹಾಕುವಾಗ ಪಂಡಿತರ ಶಾಲು ಜಾರಿ ಬಿತ್ತು. ಕೆಂಚಿ ಹೇಳಿದಳು: "ವೈದ್ಯರ ಕಾಲು, ತಾಯೀ. ಪೊಟ್ಟಣ ಕೊಟ್ಟ ಮೇಲೆ ಮತ್ತೆ ಆ ಮನೆಯ ಹೊಸ್ತಿಲು ತುಳಿಯೋ ಕಾಲು. ಮಂಪರು ಬಂತಾ, ಉಸಿರು ಸರಿಯಿದೆಯಾ, ಪೊಟ್ಟಣ ಮಕ್ಕಳ ಕೈಗೆ ಸಿಗ್ತದಾ ಅಂತ ನೋಡೋ ಕಾಲು. ಇವರು ಒಬ್ಬರೂ ಬರಲಿಲ್ಲ. ಪೊಟ್ಟಣ ಹಿಡ್ಕೊಂಡು ನಾನು ಹೋದೆ, ಅದಕ್ಕೇ ನನಗೆ ಗೊತ್ತು."

ರಾಣಿ ಸಿಂಹಾಸನದಿಂದ ಇಳಿದು ಬಂದು ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟಳು. "ಬಹುಮಾನ ಕೇಳು. ಹಳ್ಳಿ ಬೇಕೋ, ಹೊನ್ನು ಬೇಕೋ?"

"ಈ ಮೂರು ತಲೆ ಬೇಕು."

"ನಾಳೆ ಬೆಳಿಗ್ಗೆ ಹೇಗೂ ಉರುಳುತ್ತವೆ" ಅಂದಳು ರಾಣಿ.

"ಕತ್ತಿನ ಮೇಲೇ ಇರಬೇಕು, ತಾಯೀ. ರಾಜ್ಯಕ್ಕೆಲ್ಲ ನಾನೊಬ್ಬಳೇ ನಡೆಯೋಕಾಗ್ತದಾ? ಇವರು ಓದಿದೋರು. ಕೇಳೋದು ಕಲಿತಿಲ್ಲ, ಅಷ್ಟೇ. ಒಂದು ವರ್ಷ ನನ್ನ ಹಿಂದೆ ಮನೆಮನೆ ತಿರುಗಲಿ, ಕಲಿಸ್ತೀನಿ."

ಬೇಡಿ ಬಿಚ್ಚಿದರು. ಕೆಂಚಿ ಪೆಟ್ಟಿಗೆ ತೆರೆದು ಪೊಟ್ಟಣ ಕಟ್ಟಿ, ಮೂವರನ್ನೂ ಕರೆದುಕೊಂಡು ಮೊದಲು ಹೋದದ್ದು ತನ್ನ ಗುಡಿಸಲಿಗೆ. ಪಂಡಿತರು ಬಾಗಿಲಲ್ಲೇ ನಿಂತು, "ನೋವು ಎಷ್ಟಿದೆಯೋ?" ಅಂದರು.

"ಹಂಗಲ್ಲ. ಕೂತು ಕೇಳಿ."

ಪಂಡಿತರು ಹುಟ್ಟಿದಮೇಲೆ ಮೊದಲ ಸಲ ಸಗಣಿ ಸಾರಿಸಿದ ನೆಲದ ಮೇಲೆ ಕೂತರು. ಭರಮಣ್ಣನ ಕೈ ಹಿಡಿದು ಕೇಳಿದರು: "ಯಜಮಾನರೇ, ನೋವು ಒಂದಿಷ್ಟು ತಗ್ಗಿದರೆ ನಿಮಗೆ ಏನು ಮಾಡುವ ಆಸೆ?"

ಮೂರು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಭರಮಣ್ಣನಿಗೆ ಅಳು ತಡೆಯಲಾಗಲಿಲ್ಲ.

"ಎದ್ದು ಕೂತು ಉಣ್ಬೇಕು ಸ್ವಾಮಿ," ಅಂದ.