ಕಮಾನು ಕೆಡವಿದ ಚೌರಪ್ಪ

ನನ್ನ ಅಜ್ಜಿಯ ಅಜ್ಜಿ ಇನ್ನೂ ಹುಟ್ಟಿರಲಿಲ್ಲ, ಊರಿಗೆ ರಸ್ತೆಯೂ ಬಂದಿರಲಿಲ್ಲ, ಆಗಲೇ ಇತ್ತಂತೆ ಕೆಂಚನಪಾಳ್ಯ. ಊರ ತುಂಬ ಕ್ರೈಸ್ತರು, ಪೂಜೆಗೆ ಮಾತ್ರ ಒಂದು ಹುಲ್ಲಿನ ಗುಡಿಸಲು. ಅಲ್ಲಿಗೆ ಕಡಲಾಚೆಯ ಸೀಮೆಯಿಂದ ಬಿಳಿ ಗಡ್ಡದ ಪಾದ್ರಿ ಸ್ವಾಮಿಗಳೊಬ್ಬರು ಬಂದರಂತೆ. ಮುದ್ದೆ ನುಂಗಲು ಕಲಿತರಂತೆ. ಕಲಿತ ಮೇಲೆ, ಇಲ್ಲೊಂದು ದೇವಾಲಯ ಏಳಬೇಕು, ಎರಡು ಗೋಪುರ ಇರಬೇಕು, ಪೀಠದ ಮೇಲೆ ಎತ್ತರದ ಕಮಾನು ಇರಬೇಕು ಅಂದರಂತೆ.

ಕಟ್ಟಲು ನಿಂತವನು ಗಾರೆ ಚೌರಪ್ಪ. ಅವನು ತಿಕ್ಕಿದ ಕಂಬದಲ್ಲಿ ಹೆಂಗಸರು ಮುಖ ನೋಡಿಕೊಂಡು ತಲೆ ಬಾಚುತ್ತಿದ್ದರಂತೆ, ನಂಬಿದರೆ ನಂಬಿ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ, ಮೊಟ್ಟೆಯ ಬಿಳಿ ಹಾಕುತ್ತಿದ್ದ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮವರು ಮೊಟ್ಟೆ ಮುಟ್ಟುತ್ತಿರಲಿಲ್ಲವಲ್ಲ, ಊರ ಕೋಳಿಗಳು ಇಟ್ಟಿದ್ದೆಲ್ಲ ಗೋಡೆಗೇ ಹೋಯಿತಂತೆ.

ಹೀಗಿರುವಾಗ ಕೆಲಸದವನೊಬ್ಬ ಗೋಡೆ ಏರಲು ಕಟ್ಟಿದ್ದ ಸಾರುವೆ ಮೇಲಿಂದ ಬಿದ್ದು ಸತ್ತ. ಊರು ನಡುಗಿತು. ಕೇಡು ಹತ್ತಿರ ಬರದಿರಲಿ ಅಂತ ಸ್ವಾಮಿಗಳು ಉಪ್ಪು ಮಂತ್ರಿಸಿ ಮನೆಮನೆಗೂ ಕೊಟ್ಟರಂತೆ.

ಕಮಾನು ಎದ್ದಿತು. ಹಬ್ಬಕ್ಕೆ ಬಿಷಪ್ಪರು ಬರುವವರಿದ್ದರು, ಚಪ್ಪರ ಹಾಕುತ್ತಿದ್ದರು. ಆ ಬೆಳಿಗ್ಗೆ ಚೌರಪ್ಪ ಕಮಾನಿನ ಉದ್ದಕ್ಕೂ ತೇವ ಒಸರುವುದನ್ನು ಕಂಡ. ಬೆರಳಿಗೆ ಹತ್ತಿಸಿ ನಾಲಗೆಗೆ ಇಟ್ಟ. ಉಪ್ಪು! ಉಪ್ಪು ಬೆರೆತ ಗಾರೆ ನಿಲ್ಲುವುದಿಲ್ಲ. ಮನೆಗೆ ಓಡಿಬಂದು ಹೆಂಡತಿ ಜ್ಞಾನಮ್ಮನನ್ನು ಕೇಳಿದ. ಅವಳು ಅಳುತ್ತಾ ಹೇಳಿದಳಂತೆ: "ನೀವೂ ಬಿದ್ದುಬಿಟ್ಟೀರಾ ಅಂತ ಹೆದ್ರಿಕೆ ಆಯ್ತು ಕಣ್ರೀ. ಸ್ವಾಮಿಗಳು ಕೊಟ್ಟ ಉಪ್ಪನ್ನ ಸುಣ್ಣದ ಗುಂಡಿಗೆ ಒಂದ್ ಹಿಡಿ ಹಾಕ್ಬಿಟ್ಟೆ." ಒಂದು ಹಿಡಿಗೆ ಇಷ್ಟು ಒಸರುತ್ತದೆಯೇ ಅಂತ ಅವನಿಗೆ ತಲೆ ಓಡಲಿಲ್ಲವಂತೆ.

ಹಾರೆ ಹಿಡಿದು ಹೊರಟ. ಚಪ್ಪರದವರು ನೋಡುತ್ತಿದ್ದಂತೆಯೇ ತಾನು ಕಟ್ಟಿದ ಕಮಾನಿಗೆ ತಾನೇ ಹಾರೆ ಹಾಕಿದ. ಅಯ್ಯೋ, ಪೀಠದ ಮೇಲಿನ ಕಮಾನು! ಹೆಂಗಸರು ಚೀರಿದರಂತೆ, ಗಂಡಸರು ನಿಂತಲ್ಲೇ ಕಲ್ಲಾದರಂತೆ. ಇವನಿಗೆ ದೆವ್ವ ಹಿಡಿದಿದೆ ಅಂದರು. ಜ್ಞಾನಮ್ಮ ಬಾಯಿ ತೆರೆದಳು. ಅವನು ದುರುಗುಟ್ಟಿ ನೋಡಿದ, ಅವಳು ಮುಚ್ಚಿಕೊಂಡಳು. ಗಾರೆ ಕೆಟ್ಟಿದೆ, ಇದರ ಕೆಳಗೆ ಜನ ಕೂರಬಾರದು, ನನ್ನ ಕೈತಪ್ಪು ಅಂದನಂತೆ. ಅಷ್ಟೇ ಅಂದನಂತೆ.

ಬಿಷಪ್ಪರು ಬಂದು ಇಟ್ಟಿಗೆ ರಾಶಿ ನೋಡಿ ಹೋದರು. ಊರಿಗೆ ತಲೆ ಎತ್ತಲಾಗಲಿಲ್ಲ. ಹಳೆಯ ಗುಂಡಿ ಮುಚ್ಚಿ, ಹೊಸ ಸುಣ್ಣ ಸುಟ್ಟು, ಚೌರಪ್ಪ ಕೂಲಿಯಿಲ್ಲದೆ ಮತ್ತೆ ಕಮಾನು ಎತ್ತಿದ. ಯಾರೂ ಒಂದು ಇಟ್ಟಿಗೆ ಎತ್ತಿ ಕೊಡಲಿಲ್ಲವಂತೆ. ಆಮೇಲೆ ಒಲೆಕಟ್ಟೆ ಸಾರಿಸುವುದಕ್ಕೂ ಅವನನ್ನು ಯಾರೂ ಕರೆಯಲಿಲ್ಲ. ಎಂಥಾ ಕೈ ಅದು, ಸುಮ್ಮನೆ ಕೂತು ಮುದಿಯಾಯಿತು. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವನು ಸತ್ತಾಗ ಪೆಟ್ಟಿಗೆಯನ್ನು ಅದೇ ಕಮಾನಿನ ಕೆಳಗೆ ಇಟ್ಟರು. ಆಗ ಜ್ಞಾನಮ್ಮ ಎದ್ದು ನಿಂತಳಂತೆ. ಕೈತಪ್ಪು ಇವರದಲ್ಲ, ಉಪ್ಪು ಹಾಕಿದವಳು ನಾನು ಅಂದುಬಿಟ್ಟಳು. ಜನ ಬೆಚ್ಚಿಬಿದ್ದರು. ಅಷ್ಟರಲ್ಲಿ ಹಿಂದಿನಿಂದ ಮುದುಕಿಯೊಬ್ಬಳು ಗೊಳೋ ಅಂತ ಅತ್ತಳು. "ನಾನೂ ಹಾಕಿದ್ದೆ ಕಣಕ್ಕ. ನಮ್ಮೆಜಮಾನ್ರೂ ಸಾರುವೆ ಮೇಲಿದ್ರಲ್ಲ!" ಅವಳ ಪಕ್ಕದವಳು ನಾನೂ ಅಂದಳು. ಆ ಕಡೆಯ ಸಾಲಿನಿಂದ ಇನ್ನೊಬ್ಬಳು ನಾನೂ ಅಂದಳು. ಗಂಡ ಸಾರುವೆ ಹತ್ತಿದ ಒಬ್ಬೊಬ್ಬ ಹೆಂಗಸೂ ಕದ್ದು ಹೋಗಿ ಒಂದು ಹಿಡಿ ಹಾಕಿದ್ದಳು, ತಾನೊಬ್ಬಳೇ ಅಂದುಕೊಂಡಿದ್ದಳು. ಅವರ ಗಂಡಂದಿರೇ ಚೌರಪ್ಪನನ್ನು ಆಡಿಕೊಂಡು ನಕ್ಕವರು. ಅವತ್ತು ಅವರು ಪೆಟ್ಟಿಗೆಗೆ ಹೆಗಲು ಕೊಡಲು ಹೆದರಿ ನಿಂತರಂತೆ.

ಆ ಕಮಾನು ಇವತ್ತಿಗೂ ಒಂದು ಬಿರುಕಿಲ್ಲದೆ ನಿಂತಿದೆ. ಸತ್ತವರ ಹಬ್ಬದ ದಿನ ಬೇರೆ ಸಮಾಧಿಗಳಿಗೆಲ್ಲ ಹೂವು, ಮೇಣದಬತ್ತಿ. ಚೌರಪ್ಪನ ಸಮಾಧಿಗೆ ಮಾತ್ರ ಮನೆಗೊಂದು ಹಿಡಿ ಉಪ್ಪು. ಅಲ್ಲಿ ಹುಲ್ಲು ಕೂಡ ಹುಟ್ಟುವುದಿಲ್ಲ. ಉಪ್ಪು ಸುರಿಯುವಾಗ ಹೆಂಗಸರು ಒಂದು ಮಾತು ಹೇಳಬೇಕು. ಮೊನ್ನೆ ಮದುವೆಯಾಗಿ ಬಂದ ಸೊಸೆಯೂ ತಲೆ ತಗ್ಗಿಸಿ ಹೇಳುತ್ತಾಳೆ: "ನಾನೂ ಹಾಕಿದ್ದೆ."